ಗಿರಣಿ ಮನೆಯ ಊಟ

"ಒಂದು ಊಟಕ್ಕ ಎಷ್ಟು ಹೊತ್ತು ಹಿಡೀತೈತ್ರಿ ನಿಮಗ?" ಎಂದು ಡಾಕ್ಟರ್ ಸುಕನ್ಯಾ ಕೇಳಿದಾಗ ಪಕ್ಕೀರಪ್ಪನಿಗೆ ನಗು ಬಂತು.

"ಅದನ್ನ ಯಾರು ನೋಡ್ಯಾರ್ರಿ ಮೇಡಂ?"

"ನಾ ನೋಡೀನ್ರಿ," ಎಂದ ಪಕ್ಕದಲ್ಲಿ ನಿಂತಿದ್ದ ಮಗ ಹನಮೇಶ. "ನಾನು ಒಂದು ರೊಟ್ಟಿ ಮುಗಸೂದ್ರಾಗ ಅಪ್ಪ ನಾಲ್ಕು ರೊಟ್ಟಿ, ಮ್ಯಾಲೆ ಅನ್ನ ಉಂಡು ಕೈ ತೊಳಕೊಂಡು ಗಿರಣ್ಯಾಗ ಇರ್ತಾರ."

"ನಿನ್ನಂಗ ಮೆಲಕ ಹಾಕ್ಕೋಂತ ಕುಂತ್ರ ಗಿರಣಿ ಯಾರು ನಡಸ್ತಾರ, ನಿಮ್ಮಪ್ಪ?" ಎಂದು ಪಕ್ಕೀರಪ್ಪ ಗದರಿದ. ಆ ಅಪ್ಪ ತಾನೇ ಎಂಬುದು ಹೊಳೆದ ಮೇಲೆ ಸುಮ್ಮನಾದ.

ಹನುಮಸಾಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪಕ್ಕೀರಪ್ಪನ ಹಿಟ್ಟಿನ ಗಿರಣಿ. ಒಂದು ಮಗ್ಗಲು ಜೋಳ, ಗೋಧಿ ಬೀಸುವ ಕಲ್ಲು. ಇನ್ನೊಂದು ಮಗ್ಗಲು ಖಾರ ಕುಟ್ಟುವ ಯಂತ್ರ. ಗಿರಣಿಯ ಹಿಂದಿನ ಬಾಗಿಲು ತೆರೆದರೆ ಮನೆಯ ಪಡಸಾಲೆ. ಐವತ್ತು ದಾಟಿದ ಪಕ್ಕೀರಪ್ಪ ಈಚೆಗೆ ಒಂದು ಡಬ್ಬಿ ಗೋಧಿ ಎತ್ತಿ ಸುರಿದರೆ ಸಾಕು, ಗೋಡೆ ಹಿಡಿದು ನಿಂತು ಏದುಸಿರು ಬಿಡುತ್ತಿದ್ದ. ಅಂಗಿಯ ಕೆಳಗಿನ ಎರಡು ಗುಂಡಿ ಹಾಕುವುದನ್ನು ಬಿಟ್ಟು ವರ್ಷವಾಗಿತ್ತು. ಮಗ ಒತ್ತಾಯ ಮಾಡಿ ಕುಷ್ಟಗಿಗೆ ಕರೆತಂದಿದ್ದ. ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಸಕ್ಕರೆ ಗೆರೆಯ ಮೇಲೆ ನಿಂತಿತ್ತು, ಯಕೃತ್ತಿಗೆ ಕೊಬ್ಬು ಮೆತ್ತಿತ್ತು.

"ಹೊಟ್ಟಿ ತುಂಬೇತಿ ಅನ್ನೂದು ತಲಿಗೆ ತಿಳ್ಯಾಕ ಇಪ್ಪತ್ತು ನಿಮಿಷ ಬೇಕಾಗತೈತಿ," ಎಂದರು ಡಾಕ್ಟರು. "ನೀವು ಅದಕ್ಕೂ ಮೊದಲ ಬೇಕಾದದ್ದಕ್ಕಿಂತ ಹೆಚ್ಚಿಗಿ ಉಂಡು ಎದ್ದಿರ್ತೀರಿ. ಗಬಗಬ ಉಣ್ಣೋರಿಗೆ ಬೊಜ್ಜೂ ಜಾಸ್ತಿ, ಸಕ್ರಿ ಬರೂದೂ ಜಾಸ್ತಿ. ಸಾವಕಾಶ ಉಂಡಕೂಡ್ಲೆ ಎಲ್ಲಾ ಹೋಗತೈತಿ ಅಂತ ನಾ ಹೇಳೂದಿಲ್ಲ. ಅನ್ನ ಕಮ್ಮಿ ಮಾಡ್ರಿ, ಮುಂಜಾನೆ ಅಡ್ಡಾಡ್ರಿ. ಆದ್ರ ಮೊದಲು ಇದನ್ನ ಸುರು ಮಾಡ್ರಿ. ತುತ್ತು ಸಣ್ಣದು ಇರಲಿ, ಅಗದು ನುಂಗ್ರಿ. ಮೂರು ತಿಂಗಳಿಗೆ ಮತ್ತ ನೋಡೂಣು."

ವಾಪಸು ಬರುವ ಬಸ್ಸಿನಲ್ಲಿ ಪಕ್ಕೀರಪ್ಪ ಊರು ಬರುವವರೆಗೂ ಗೊಣಗಿದ. "ಗುಳಿಗಿ ಕೊಡ್ರಿ ಅಂದ್ರ ಅಗೀರಿ ಅಂತಾಳ. ಇದನ್ನ ಹೇಳಾಕ ದವಾಖಾನಿ ಬೇಕಾ? ನಮ್ಮ ಎಮ್ಮಿನೂ ಹೇಳತಿತ್ತು."

ಮನೆಯಲ್ಲಿ ಈ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ನೊಂದವಳು ಅವನ ತಾಯಿ ಹುಲಿಗವ್ವ. ಎಂಬತ್ತರ ಹತ್ತಿರದ ಮುದುಕಿ, ಪಡಸಾಲೆಯ ಮಂಚ ಅವಳ ಠಾಣೆ. ಮಗನ ಊಟದ ಬಿರುಸು ಅವಳ ಪಾಲಿಗೆ ಹೆಮ್ಮೆಯ ಸಂಗತಿಯಾಗಿತ್ತು.

"ನಿಮ್ಮ ಮಾವ ಹೊಲಕ್ಕ ಆಳು ಹಿಡೀಬೇಕಾದ್ರ ಮೊದಲು ಉಣ್ಣಾಕ ನೀಡಿ ನೋಡ್ತಿದ್ದ," ಎಂದು ಸೊಸೆಗೆ, ಪಕ್ಕೀರಪ್ಪನ ಹೆಂಡತಿ ಕಸ್ತೂರೆಮ್ಮನಿಗೆ ಹೇಳಿದಳು. "ಲಗೂನ ಉಂಡೋನು ಲಗೂನ ದುಡೀತಾನ. ತಾಟಿನ ಮುಂದ ಕುಂತು ಜಗ್ಗಾಡೋನು ಹೊಲದಾಗೂ ಜಗ್ಗಾಡ್ತಾನ. ಈಗ ಆ ಡಾಕ್ಟರ್ ಬಾಯಿ ನನ್ನ ಮಗನ್ನ ಮೈಗಳ್ಳನ್ನ ಮಾಡ್ತಾಳಂತ."

"ಆಯಿ, ನಮ್ಮ ಮಾವಾರನ್ನ ಈಗ ಯಾರೂ ಆಳಿಗೆ ಹಿಡ್ಯಾಕ ಬಂದಿಲ್ಲ," ಎಂದಳು ಹನಮೇಶನ ಹೆಂಡತಿ ದ್ರಾಕ್ಷಾಯಿಣಿ. ಯಲಬುರ್ಗಾ ಕಡೆಯ ಹುಡುಗಿ. ಮದುವೆಯಾಗಿ ಬಂದು ಎರಡು ವರ್ಷ. ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದಳು.

"ನೀ ಸುಮ್ಕಿರು. ನಿನ್ನ ಗಂಡ ಸಣ್ಣಾಂವಿದ್ದಾಗ ಊಟಕ್ಕ ಕುಂತ್ರ ಏಳೂದ ಗೊತ್ತಿದ್ದಿಲ್ಲ. ಪಕ್ಕೀರ ಬೆನ್ನಿಗೆ ಎರಡು ಬಾರಿಸಿ ಎಬ್ಬಸ್ತಿದ್ದ."

ಹನಮೇಶ ತಲೆ ಎತ್ತಲಿಲ್ಲ. "ಆ ಹೊಡತದ ಲೆಕ್ಕಾ ಈಗ ಯಾರ ಕಡೆ ಕೇಳಲಿ, ಆಯಿ?" ಎಂದ.

ಮರುದಿನ ಮಧ್ಯಾಹ್ನ ಸಾವಕಾಶದ ಊಟ ಶುರುವಾಯಿತು. ಕಸ್ತೂರೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ದಪ್ಪ ಹೆಂಗಸು, ಮೈಭಾರದಲ್ಲಿ ಗಂಡನಿಗೆ ಸರಿಸಾಟಿ. ಹಂಚಿನಿಂದ ಇಳಿದ ರೊಟ್ಟಿ ನೇರ ಗಂಡನ ತಾಟಿಗೆ ಹೋಗುವುದು ಆ ಮನೆಯ ಪದ್ಧತಿ. ತಾಟಿನಲ್ಲಿ ಪುಂಡಿಪಲ್ಲೆ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಇದ್ದವು. ಪಕ್ಕೀರಪ್ಪ ಸಣ್ಣ ತುತ್ತು ಮುರಿದು ಬಾಯಿಗಿಟ್ಟು, ಎದುರು ಗೋಡೆ ನೋಡುತ್ತ ಅಗಿದ. ಅಗಿದೇ ಅಗಿದ.

"ಪಕ್ಕೀರಣ್ಣಾ, ಗೋಧಿ ಬೀಸಬೇಕಿತ್ತು," ಎಂದು ಗಿರಣಿಯ ಕಡೆಯಿಂದ ಯಾರೋ ಕೂಗಿದರು.

ಅವನು ಏಳಹೋದ. "ಕುಂದರ್ರಿ," ಎಂದಳು ಕಸ್ತೂರೆಮ್ಮ, "ಹನಮ್ಯಾ ಹೋಗ್ಯಾನ."

ಮೋಟಾರು ಶುರುವಾಯಿತು. ಪಕ್ಕೀರಪ್ಪನ ದವಡೆ ನಿಂತಿತು. "ಕಲ್ಲು ಬಿಗಿ ಮಾಡ್ಯಾನ. ಕೇಳಸಾಕತ್ತಿಲ್ಲೇನು? ಹಿಟ್ಟು ಸುಡತೈತಿ." ಎಂಜಲಗೈಯಲ್ಲೇ ಗಿರಣಿಗೆ ಓಡಿದ. ಅಲ್ಲಿ ಅಪ್ಪ ಮಗನ ಜಗಳ ಮೋಟಾರಿನ ಸದ್ದನ್ನೂ ಮೀರಿ ಮನೆಗೆ ಕೇಳಿಸಿತು. ಹತ್ತು ವರ್ಷದಿಂದ ಗಿರಣಿಯಲ್ಲಿ ದುಡಿದರೂ ಕಲ್ಲಿಗೆ ಕೈ ಹಚ್ಚಲು ತನಗೆ ಬಿಟ್ಟಿಲ್ಲವೆಂದು ಮಗ, ಬಿಟ್ಟರೆ ಏನಾಗುತ್ತದೆಂದು ಈಗ ನೋಡು ಎಂದು ಅಪ್ಪ. ತಿರುಗಿ ಬರುವಷ್ಟರಲ್ಲಿ ರೊಟ್ಟಿ ಆರಿತ್ತು. ಆರಿದ ರೊಟ್ಟಿ ಸರಿಸಿ ಬಿಸಿಯದು ಹಾಕು ಎಂದ. ಕಸ್ತೂರೆಮ್ಮ ಮತ್ತೆ ಹಿಟ್ಟು ನಾದಿದಳು.

ಒಂದೆರಡು ವಾರದಲ್ಲಿ ಪಕ್ಕೀರಪ್ಪನಿಗೆ ಇನ್ನೊಂದು ತಾಪತ್ರಯ ಎದುರಾಯಿತು. ಹಿಂದೆಲ್ಲ ಮನೆಯವರು ಒಂದು ಮಾತು ಎತ್ತುವಷ್ಟರಲ್ಲಿ ಅವನು ಉಂಡು ಎದ್ದಿರುತ್ತಿದ್ದ. ಈಗ ಅರ್ಧ ತಾಸು ಒಂದೇ ಕಡೆ ಸಿಕ್ಕಿಬೀಳುತ್ತಿದ್ದ. ತಾಟಿನ ಮುಂದಿರುವ ಗಂಡಸು ಎಲ್ಲಿಗೂ ಓಡಲಾರ ಎಂಬುದು ಮನೆಮಂದಿಗೆಲ್ಲ ತಿಳಿದುಹೋಯಿತು.

"ಬಚ್ಚಲದ ನೀರು ಹಿತ್ತಲಾಗ ನಿಂದರತೈತಿ ಅಂತ ಹ್ವಾದ ದೀಪಾವಳಿಗೆ ಹೇಳೀನಿ," ಎಂದು ಕಸ್ತೂರೆಮ್ಮ ಶುರು ಮಾಡುತ್ತಿದ್ದಳು.

"ನನ್ನ ಮಂಚದ ಕಾಲು ಅಳ್ಳಾಡತೈತಿ. ಒಂದಿನ ಬಿದ್ದು ಸಾಯ್ತೀನಿ, ಆಮ್ಯಾಲೆ ರಿಪೇರಿ ಮಾಡಸ್ರಿ," ಎಂದು ಹುಲಿಗವ್ವ ಸೇರಿಸುತ್ತಿದ್ದಳು.

"ಖಾರದ ಯಂತ್ರ ಬ್ಯಾರೆ ಖೋಲಿಗೆ ಹಾಕೂಣ್ರಿ ಅಪ್ಪ. ಗಿರಾಕಿ ಸೀನಿ ಸೀನಿ ಸಾಯಾಕತ್ತಾರ," ಎಂದು ಹನಮೇಶ.

ಪಕ್ಕೀರಪ್ಪ ಬಾಯಲ್ಲಿ ತುತ್ತಿಟ್ಟುಕೊಂಡು ಒಬ್ಬೊಬ್ಬರನ್ನೇ ದಿಟ್ಟಿಸುತ್ತಿದ್ದ. ಒಂದು ದಿನ ತಾಟು ತಳ್ಳಿದ. "ಲಗೂನ ಉಂಡ್ರ ಹೊಟ್ಟಿಗೆ ರೋಗ, ಸಾವಕಾಶ ಉಂಡ್ರ ತಲಿಗೆ ರೋಗ. ಇದು ಊಟ ಅಲ್ಲ, ಪಂಚಾಯ್ತಿ."

"ನಿಮಗ ಕುಂತು ಅಗ್ಯಾಕ ಬ್ಯಾಸರ," ಎಂದಳು ಕಸ್ತೂರೆಮ್ಮ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ. "ನೀವು ಅರ್ಧ ತಾಸು ಅಗೀತೀರಿ, ಅರ್ಧ ತಾಸು ನಾ ಈ ಬೆಂಕಿ ಮುಂದ ಬೇಯ್ತೀನಿ. ನನ್ನ ಬ್ಯಾಸರ ಯಾರ ಮುಂದ ಹೇಳ್ಲಿ?"

"ನಿನಗ ಯಾರು ಬ್ಯಾಡ ಅಂದಾರ? ನೀನೂ ಉಣ್ಣು."

"ಯಾವಾಗ?"

ಅದಕ್ಕೆ ಪಕ್ಕೀರಪ್ಪ ಮಜ್ಜಿಗೆ ಕೇಳಿದ.

ಅವಳು ಉಣ್ಣುತ್ತಿದ್ದುದು ಎಲ್ಲರದೂ ಮುಗಿದ ಮೇಲೆ, ಅಡುಗೆಕಟ್ಟೆಗೆ ಆತು ನಿಂತು. ಉಳಿದ ಪಲ್ಲೆಯನ್ನು ರೊಟ್ಟಿಯ ಮೇಲೆ ಸುರಿದುಕೊಂಡು, ಮಡಚಿ, ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅತ್ತೆಯ ಕೂಗು, ಗಂಡನ ಕೂಗು, ಬಾಗಿಲಲ್ಲಿ ಹಾಲಿನವಳು. ತಪ್ಪಲೆಯ ತಳದ ಅನ್ನ ಚೆಲ್ಲಬಾರದೆಂದು ಅದನ್ನೂ ಬಳಿದು ಉಂಡು, ನೀರು ಕುಡಿದು, ಪಾತ್ರೆ ತಿಕ್ಕಲು ಕೂರುತ್ತಿದ್ದಳು. ದ್ರಾಕ್ಷಾಯಿಣಿ ತನ್ನ ತಾಟಿಗೆ ನೀಡಿಕೊಂಡು, "ಅತ್ತಿ, ಬರ್ರಿ, ಕೂಡಿ ಉಣ್ಣೂಣು," ಎನ್ನುವಷ್ಟರಲ್ಲಿ, "ನಂದು ಆತವಾ," ಎಂಬ ಉತ್ತರ ಬರುತ್ತಿತ್ತು.

ಒಂದು ಮುಂಜಾನೆ ಆಶಾ ಕಾರ್ಯಕರ್ತೆ ಓಣಿಯ ಹೆಂಗಸರನ್ನೆಲ್ಲ ಸಕ್ಕರೆ ಪರೀಕ್ಷೆಗೆ ಕರೆದಳು. ಕಸ್ತೂರೆಮ್ಮ ಒಲ್ಲೆ ಎಂದಳು. ದ್ರಾಕ್ಷಾಯಿಣಿ ಕೈ ಹಿಡಿದು ಎಳೆದೊಯ್ದಳು. ಬೆರಳಿನ ರಕ್ತ ಯಂತ್ರಕ್ಕೆ ಹಚ್ಚಿ ನೋಡಿದ ಕಾರ್ಯಕರ್ತೆಯ ಮುಖ ಸಣ್ಣದಾಯಿತು. ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಬೆರಳು ಚುಚ್ಚಿದಳು. ಅದೂ ಅಷ್ಟೇ ತೋರಿಸಿತು.

ಆ ವಾರವೇ ಕಸ್ತೂರೆಮ್ಮ ಸೊಸೆಯ ಜೊತೆ ಕುಷ್ಟಗಿಗೆ ಹೋದಳು. ಅದೇ ಡಾಕ್ಟರು, ಅದೇ ಕುರ್ಚಿ. ಪಕ್ಕೀರಪ್ಪನದು ಗೆರೆಯ ಮೇಲಿದ್ದರೆ ಕಸ್ತೂರೆಮ್ಮನದು ಗೆರೆ ದಾಟಿ ಬಹಳ ದೂರ ಹೋಗಿತ್ತು. ಗುಳಿಗೆ ತಪ್ಪಿಸುವ ಹಾಗಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಆಮೇಲೆ ಕೇಳಿದರು, "ಊಟಕ್ಕ ಎಷ್ಟು ಹೊತ್ತು ತಗೋತೀರಿ?"

ಕಸ್ತೂರೆಮ್ಮ ಸ್ವಲ್ಪ ಯೋಚಿಸಿದಳು. "ಕುಂತು ಉಂಡದ್ದು ಅಷ್ಟ ಹೇಳ್ಬೇಕೇನ್ರಿ, ನಿಂತು ಉಂಡದ್ದೂ ಸೇರಸಬೇಕೇನ್ರಿ?"

ಮನೆಗೆ ಬಂದಾಗ ಸಂಜೆಯಾಗಿತ್ತು. ಸುದ್ದಿ ಕೇಳಿ ಪಕ್ಕೀರಪ್ಪನಿಗೆ ಹೆದರಿಕೆಯಾಯಿತು. ಹೆದರಿಕೆಯಾದಾಗೆಲ್ಲ ಅವನು ಬೈಯುತ್ತಿದ್ದ. "ಇಷ್ಟು ದಿನ ಬಾಯಾಗ ಏನ್ ಇಟಗೊಂಡಿದ್ದಿ? ಮೈಯಾಗ ಆರಾಮಿಲ್ಲ ಅಂತ ಒಂದು ಮಾತು ಹೇಳಾಕ ಬರ್ತಿದ್ದಿಲ್ಲೇನು?"

"ಯಾರಿಗೆ ಹೇಳ್ಲಿ? ನೀವು ಅಗ್ಯಾಕತ್ತಿದ್ರಿ."

"ಕದ್ದು ಉಂಡದ್ದು ಮೈಯಾಗ ಕಾಣದ ಎಲ್ಲಿ ಹೋಗತೈತಿ," ಎಂದಳು ಮಂಚದ ಮೇಲಿದ್ದ ಹುಲಿಗವ್ವ. "ಎಲ್ಲಾರ ಮುಂದ ಉಪಾಸ, ಹಿಂದ ತಪ್ಪಲಿ ಖಾಲಿ."

ಹನಮೇಶ "ಆಯಿ" ಎಂದು ಗದರಿದ. ಕಸ್ತೂರೆಮ್ಮ ಒಳಗೆ ಹೋಗಿ ಸೀರೆ ಬದಲಿಸಿ, ಅಕ್ಕಿ ತೊಳೆದಳು.

ಮರುದಿನದಿಂದ ಎಲ್ಲರೂ ಅವಳಿಗೆ ಬುದ್ಧಿ ಹೇಳತೊಡಗಿದರು. ಸಾವಕಾಶ ಉಣ್ಣು ಎಂದ ಗಂಡ. ಅಗಿದು ಉಣ್ಣು ಎಂದ ಮಗ. ಹೇಳಿದವರೇ ಮರುಕ್ಷಣ, ಟವೆಲ್ ಎಲ್ಲೈತಿ, ಚಾ ಇಡ್ತೀಯೇನು ಎಂದು ಕೂಗುತ್ತಿದ್ದರು.

ಆಗ ಬೇಸಿಗೆ, ವರ್ಷದ ಖಾರ ಕುಟ್ಟಿಸುವ ಕಾಲ. ಗಿರಣಿಯ ಮುಂದೆ ಮೆಣಸಿನಕಾಯಿ ಚೀಲಗಳ ಸಾಲು. ಆ ದಿನ ತ್ರೀ ಫೇಸ್ ಕರೆಂಟು ಮಧ್ಯಾಹ್ನ ಬಂದಿತ್ತು, ಮೂರರ ಹೊತ್ತಿಗೆ ಹೋಗುವುದಿತ್ತು. ಪಕ್ಕೀರಪ್ಪ ಉಂಡು ಗಿರಣಿಯ ಕಟ್ಟೆಗೆ ಬಂದು ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ಕಸ್ತೂರೆಮ್ಮ ತಾಟಿಗೆ ಮೂರು ರೊಟ್ಟಿ, ಹೆಸರುಕಾಳಿನ ಪಲ್ಲೆ, ಸೌತೆಕಾಯಿ ಹೋಳು ನೀಡಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಳು. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಆ ಹೊತ್ತಿನಲ್ಲಿ ಅತ್ತೆ ಅಲ್ಲಿ ಕೂತದ್ದನ್ನು ದ್ರಾಕ್ಷಾಯಿಣಿ ಕಂಡಿರಲಿಲ್ಲ.

ಮೊದಲನೇ ತುತ್ತಿಗೆ, "ಕಸ್ತೂರೀ, ನೀರು," ಎಂದಳು ಹುಲಿಗವ್ವ. ದ್ರಾಕ್ಷಾಯಿಣಿ ಹೊಲಿಗೆ ಮಷಿನ್ ಬಿಟ್ಟು ಎದ್ದಳು. "ನೀ ಬ್ಯಾಡ, ಆಕಿ ಕೊಡ್ಲಿ. ಆಕಿಗೆ ನನ್ನ ಗುಳಿಗಿ ಗೊತ್ತೈತಿ," ಎಂದಳು ಮುದುಕಿ. ಕಸ್ತೂರೆಮ್ಮ ಎದ್ದು ಕೊಟ್ಟು ಬಂದು ಕೂತಳು. ಎರಡನೇ ತುತ್ತಿಗೆ ಹನಮೇಶ ಬಂದು ಪೆಟ್ಟಿಗೆಯ ಕೀಲಿಕೈ ಕೇಳಿದ. ಎದ್ದು ಕೊಟ್ಟು ಕೂತಳು. ಆಮೇಲೆ ಸಿಲಿಂಡರ್ ಗಾಡಿ ಬಂತು. ಅದು ಹೋಗುತ್ತಲೂ ಪಕ್ಕೀರಪ್ಪ ಹಿಂದಿನ ಬಾಗಿಲಿನಿಂದ ಮನೆಯೊಳಗೆ ಬಂದು, "ನಾಲ್ಕು ಮಂದಿಗೆ ಚಾ ಮಾಡು," ಎಂದ. ತಾಟಿನ ಮುಂದೆ ಕೂತಿದ್ದ ಹೆಂಡತಿಯನ್ನು ಕಂಡು, "ಉಣ್ಣಾಕತ್ತೀಯೇನು? ಉಣ್ಣು, ಉಣ್ಣು. ಸಾವಕಾಶ ಉಣ್ಣು. ಚಾ ಇಟ್ಟು ಉಣ್ಣು," ಎಂದ.

ಕಸ್ತೂರೆಮ್ಮ ತಾಟು ಹಿಡಿದುಕೊಂಡು ಎದ್ದಳು. ಗಂಡನ ಪಕ್ಕದಿಂದಲೇ ದಾಟಿ ಗಿರಣಿಗೆ ನಡೆದಳು. ಅಲ್ಲಿ ಮೋಟಾರಿನ ಹತ್ತಿರವಿದ್ದ ಹನಮೇಶನಿಗೆ, "ಹೊರಗ ಹೋಗು," ಎಂದಳು. ಅವಳ ಮುಖ ನೋಡಿ ಅವನು ಹೋದ. ಅವಳು ಮೇನ್ ಸ್ವಿಚ್ ಎಳೆದಳು. ಗಡಗಡ ಸದ್ದು ನಿಂತಿತು. ಬೀದಿಯ ಬಾಗಿಲಿಗೆ ಅಗಳಿ ಹಾಕಿದಳು, ಮನೆಯ ಕಡೆಯ ಬಾಗಿಲಿಗೂ ಹಾಕಿದಳು. ಗೋಧಿಯ ಚೀಲದ ಮೇಲೆ ಕೂತು ತಾಟನ್ನು ತೊಡೆಯ ಮೇಲಿಟ್ಟುಕೊಂಡಳು.

ಮನೆಯೊಳಗೇ ಉಳಿದ ಪಕ್ಕೀರಪ್ಪ ಸಂದಿಯಿಂದ ಸುತ್ತಿ ಬೀದಿಗೆ ಓಡಿಬಂದ. "ಕಸ್ತೂರೀ, ಬಾಗಲಾ ತಗಿ."

"ಉಣ್ಣಾಕತ್ತೀನಿ."

"ಮನ್ಯಾಗ ಉಣ್ಣು."

"ಮನ್ಯಾಗ ಉಂಡು ನೋಡೀನಿ."

"ಮಂದಿ ನಿಂತಾರ ಇಲ್ಲೆ."

"ನಿಂದರ್ಲಿ. ನಾನೂ ಇಷ್ಟು ವರ್ಷ ನಿಂತು ಉಂಡೀನಿ."

"ಕರೆಂಟ್ ಹೋಗತೈತಿ ಮಾರಾಯಗಿತ್ತಿ."

"ಮತ್ತ ಬರತೈತಿ."

ಪಕ್ಕೀರಪ್ಪ ಬಾಗಿಲಿಗೆ ಗುದ್ದಿದ. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಮೆಣಸಿನಕಾಯಿ ಚೀಲದ ಪಕ್ಕ ಕೂತಿದ್ದ ಗೌಸಬೀ, ಓಣಿಯ ಕೊನೆಯ ಮನೆಯವಳು, ಹೇಳಿದಳು, "ಉಣ್ಲಿ ಬಿಡ್ರಿ ಅಣ್ಣಾ. ನನ್ನ ಖಾರ ಎಲ್ಲಿಗೂ ಓಡಿಹೋಗೂದಿಲ್ಲ."

"ನಿಮ್ಮ ಖಾರ ನಾಳಿಗೆ ಆದ್ರೂ ನಡೀತೈತಿ. ನಮ್ಮ ಮನ್ಯಾಗ ರಾತ್ರಿಗೆ ಹಿಟ್ಟಿಲ್ಲ," ಎಂದು ಸಾಲಿನಲ್ಲಿದ್ದ ಮುದಕಮ್ಮ ಸಿಡಿಮಿಡಿಗೊಂಡಳು. ಡಬ್ಬಿ ಎತ್ತಿಕೊಂಡು ಇನ್ನೊಂದು ಗಿರಣಿಯ ಕಡೆ ಹೊರಟೂಬಿಟ್ಟಳು. ಅವಳ ಹಿಂದೆ ಮತ್ತಿಬ್ಬರು ಹೋದರು. ಪಕ್ಕೀರಪ್ಪ ಅವರು ಹೋಗುವುದನ್ನು ನೋಡಿ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಸಿದ.

ಒಳಗೆ ಕಸ್ತೂರೆಮ್ಮ ಉಣ್ಣುತ್ತಿದ್ದಳು. ಗಾಳಿಯಲ್ಲಿದ್ದ ಖಾರಕ್ಕೆ ಎರಡು ಸಲ ಸೀನಿದಳು. ಮೊದಲ ರೊಟ್ಟಿ ಸಿಟ್ಟಿನಲ್ಲೇ ಹೋಯಿತು. ಎರಡನೆಯದಕ್ಕೆ ಬಾಗಿಲಿನ ಬಡಿತ ನಿಂತಿತ್ತು. ಹೆಸರುಕಾಳಿಗೆ ಉಪ್ಪು ತುಸು ಕಡಿಮೆಯಾಗಿದೆ ಎಂಬುದು ಆಗ ಗೊತ್ತಾಯಿತು. ತನ್ನ ಕೈಯಡುಗೆಯ ರುಚಿ ಇಷ್ಟು ನಿಚ್ಚಳವಾಗಿ ತಿಳಿದು ಎಷ್ಟೋ ಕಾಲವಾಗಿತ್ತು. ಸೌತೆಕಾಯಿ ಹೋಳನ್ನು ಕಡಿದು ನಿಧಾನವಾಗಿ ತಿಂದಳು. ಮೂರನೇ ರೊಟ್ಟಿಗೆ ಕೈ ಹಾಕಿ ತಡೆದಳು. ಬೇಡವಾಗಿತ್ತು. ಮತ್ತೊಮ್ಮೆ ಯೋಚಿಸಿ ನೋಡಿದಳು. ನಿಜವಾಗಿಯೂ ಬೇಡವಾಗಿತ್ತು.

ಅವಳು ಬಾಗಿಲು ತೆಗೆದಾಗ ಕರೆಂಟು ಹೋಗಿತ್ತು. ಗೌಸಬೀ ಒಬ್ಬಳೇ ಉಳಿದಿದ್ದಳು.

"ಆತಾ?" ಎಂದ ಪಕ್ಕೀರಪ್ಪ ಹಲ್ಲು ಕಚ್ಚಿ.

"ಆತು."

"ನಾಳಿಗೂ ಹಿಂಗ ಏನು?"

"ಮನ್ಯಾಗ ಜಾಗಾ ಕೊಟ್ರ ಮನ್ಯಾಗ. ಇಲ್ಲಾಂದ್ರ ಇಲ್ಲೆ."

ಅಂದು ಸಂಜೆ ಮನೆಯಲ್ಲಿ ದೊಡ್ಡ ರಂಪವಾಯಿತು. ಓಣಿಯಲ್ಲಿ ಮಾನ ಹೋಯಿತೆಂದ ಪಕ್ಕೀರಪ್ಪ. ಊಟವೇ ಬೇಡವೆಂದು ಹುಲಿಗವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಕಸ್ತೂರೆಮ್ಮ ಯಾರನ್ನೂ ಓಲೈಸಲಿಲ್ಲ. ನಾಳೆಯಿಂದ ಊಟದ ಹೊತ್ತಿಗೆ ಹಂಚು ಒಲೆಯ ಮೇಲಿರುವುದಿಲ್ಲ ಎಂದಳು. ವಾರಕ್ಕೆರಡು ಮುಂಜಾನೆ ತಾನೂ ದ್ರಾಕ್ಷಾಯಿಣಿಯೂ ಕೂಡಿ ಖಡಕ್ ರೊಟ್ಟಿ ಮಾಡಿ ಬುಟ್ಟಿ ತುಂಬಿಡುವುದು. ಉಣ್ಣುವಾಗ ಎಲ್ಲ ನಡುವೆ ಇಟ್ಟುಕೊಂಡು ಬೇಕಾದವರು ಬೇಕಾದಷ್ಟು ನೀಡಿಕೊಳ್ಳುವುದು.

"ಖಡಕ್ ರೊಟ್ಟಿ ಗಬಗಬ ನುಂಗಾಕ ಬರೂದಿಲ್ಲ ಮಾವ, ಅಗೀಲೇಬೇಕು," ಎಂದಳು ದ್ರಾಕ್ಷಾಯಿಣಿ.

"ನನಗ ಹಲ್ಲಿಲ್ಲ ಅನ್ನೂದು ಗೊತ್ತಿದ್ದ ಹಿಂಗ ಮಾಡ್ಯಾರ," ಎಂದಿತು ಗೋಡೆಯ ಕಡೆಯಿಂದ ದನಿ.

"ನಿಮಗ ಎರಡು ಮೆತ್ತನ್ನ ರೊಟ್ಟಿ ಅರಿವ್ಯಾಗ ಸುತ್ತಿ ಇಡ್ತೀನಿ ಅತ್ತಿ," ಎಂದಳು ಕಸ್ತೂರೆಮ್ಮ. "ಅದಕ್ಕೂ ಸಿಟ್ಟಾಗಬ್ಯಾಡ್ರಿ."

ಅಪ್ಪ ಅವ್ವ ಉಣ್ಣುವಾಗ ಗಿರಣಿ ಹನಮೇಶನ ಕೈಗೆ ಬಂತು. ಬಂದ ವಾರವೇ ಅವನು ಒಬ್ಬರ ಗೋಧಿಹಿಟ್ಟು ಸುಟ್ಟ; ಮನೆಯ ಗೋಧಿ ಬೀಸಿ ಕೊಡಬೇಕಾಯಿತು. "ಹೇಳಿದ್ದಿಲ್ಲಾ ನಾನು?" ಎಂದು ಪಕ್ಕೀರಪ್ಪ ಮೂರು ದಿನ ಅದನ್ನೇ ಹೇಳಿದ. ನಾಲ್ಕನೇ ದಿನ ಮಗನನ್ನು ಕೂಡಿಸಿಕೊಂಡು, ಕಲ್ಲು ಎಷ್ಟು ಬಿಗಿಯಿದ್ದರೆ ಯಾವ ಸದ್ದು ಬರುತ್ತದೆಂದು ತೋರಿಸಿಕೊಟ್ಟ. ತೋರಿಸುವಾಗಲೂ ಬೈದ.

ಮೂರು ತಿಂಗಳಿಗೆ ಗಂಡ ಹೆಂಡತಿ ಕೂಡಿಯೇ ಕುಷ್ಟಗಿಗೆ ಹೋದರು. ಪಕ್ಕೀರಪ್ಪನ ತೂಕ ತುಸು ಇಳಿದು, ಸಕ್ಕರೆ ಗೆರೆಯಿಂದ ಕೂದಲೆಳೆ ಕೆಳಗೆ ಬಂದಿತ್ತು. ಕಸ್ತೂರೆಮ್ಮನದು ಮೊದಲಿಗಿಂತ ಕಡಿಮೆಯಾಗಿತ್ತು, ಸಾಕಷ್ಟು ಆಗಿರಲಿಲ್ಲ. ಗುಳಿಗೆ ಮುಂದುವರಿಯಬೇಕು, ನಡಿಗೆ ಹೆಚ್ಚಬೇಕು ಎಂದರು ಡಾಕ್ಟರು.

"ನಾ ಇಷ್ಟೆಲ್ಲಾ ಅಗದದ್ದಕ್ಕ ಇಷ್ಟ ಏನ್ರಿ?" ಎಂದ ಪಕ್ಕೀರಪ್ಪ.

"ಇಷ್ಟು ವರ್ಷ ನುಂಗೀರಲ್ಲಾ," ಎಂದರು ಅವರು.

ಅದಾಗಿ ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ. ಹನಮೇಶ ಗಿರಣಿಯಲ್ಲಿದ್ದ, ದ್ರಾಕ್ಷಾಯಿಣಿ ತವರಿಗೆ ಹೋಗಿದ್ದಳು. ಗಂಡ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂತು ಉಣ್ಣುತ್ತಿದ್ದರು. ಪಕ್ಕೀರಪ್ಪನ ತಾಟು ಖಾಲಿಯಾಗಿತ್ತು. ಕಸ್ತೂರೆಮ್ಮನದು ಇನ್ನೂ ಅರ್ಧ ಉಳಿದಿತ್ತು.

"ಕಸ್ತೂರೀ," ಎಂದು ಪಡಸಾಲೆಯಿಂದ ಹುಲಿಗವ್ವ ಕೂಗಿದಳು, "ಗುಳಿಗಿ ಕೊಡು. ಉಂಡು ಎಷ್ಟೊತ್ತಾತು."

ಕಸ್ತೂರೆಮ್ಮ ಏಳಲಿಲ್ಲ. ಪಕ್ಕೀರಪ್ಪ ಹೆಂಡತಿಯ ಮುಖ ನೋಡಿದ, ಪಡಸಾಲೆಯ ಕಡೆ ನೋಡಿದ. ಮುದುಕಿ ಮತ್ತೆ ಕೂಗಿದಳು. ಅವನು ಉಸ್ಸೆಂದು ನೆಲಕ್ಕೆ ಕೈಯೂರಿ ಎದ್ದ.

"ತಡೀಬೇ, ನಾ ಕೊಡ್ತೀನಿ," ಎಂದು ಕೈ ತೊಳೆದ. ಗೂಡಿನ ಮುಂದೆ ನಿಂತು ಒಂದು ಡಬ್ಬಿ ತೆಗೆದು ಮುಚ್ಚಿದ, ಇನ್ನೊಂದು ತೆಗೆದು ಮೂಸಿ ನೋಡಿದ. ಜೀರಿಗೆ. "ಎಲ್ಲಿಟ್ಟೀಯೇ ಯವ್ವನ ಗುಳಿಗಿ?"

ಕಸ್ತೂರೆಮ್ಮನ ಬಾಯಲ್ಲಿ ತುತ್ತಿತ್ತು. ಅಗಿಯುತ್ತಿದ್ದಳು.

"ನಿನಗ ಕೇಳಾಕತ್ತೀನಿ. ಎಲ್ಲೈತಿ?"

ಅವಳು ಅಗಿಯುತ್ತಲೇ ಇದ್ದಳು. ಅವನು ಸಿಟ್ಟಿನಿಂದ ಮೇಲಿನ ಗೂಡಿನ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಕಟ್ಟೆಯ ಮೇಲೆ ಇಳಿಸತೊಡಗಿದ. ಕಸ್ತೂರೆಮ್ಮ ತುತ್ತು ನುಂಗಿ, ಒಂದು ಗುಟುಕು ಮಜ್ಜಿಗೆ ಕುಡಿದಳು.

"ಹುಡುಕ್ರಿ, ಸಿಗತೈತಿ," ಎಂದು ಇನ್ನೊಂದು ಚೂರು ರೊಟ್ಟಿ ಮುರಿದಳು.